ಕೇಳದೆ ಉಳಿದ ಪ್ರಶ್ನೆ

"ಮಾವ, ವರ್ಷಗಟ್ಟಲೆ ಆರೋಪ ಹೊರಿಸುವುದನ್ನೇ ಕಸುಬು ಮಾಡಿಕೊಂಡವರು ನಾಳೆ ನ್ಯಾಯಪೀಠದಲ್ಲಿ ಕೂತರೆ, ಅವರ ಕಣ್ಣಿಗೆ ಎದುರು ನಿಂತವರೆಲ್ಲ ಅಪರಾಧಿಗಳ ಹಾಗೆಯೇ ಕಾಣುವುದಿಲ್ಲವಾ?"

ಹೀಗೆ ಕೇಳಿದವಳು ನನ್ನ ತಂಗಿಯ ಮಗಳು. ಮಂಗಳೂರಿನಲ್ಲಿ ಕಾನೂನು ಓದಿ ಬಂದು, ಈಗ ಕಾಸರಗೋಡಿನ ವಿದ್ಯಾನಗರದ ಕೋರ್ಟಿಗೆ ಹಿರಿಯ ವಕೀಲರೊಬ್ಬರ ಹಿಂದೆ ಫೈಲು ಹಿಡಿದುಕೊಂಡು ಹೋಗುತ್ತಿದ್ದಾಳೆ. ಮನೆಯಲ್ಲಿ ಕನ್ನಡ, ಕಕ್ಷಿಗಾರರೊಡನೆ ಮಲೆಯಾಳ, ಕಾಗದದ ಮೇಲೆ ಇಂಗ್ಲಿಷ್. ನಮ್ಮ ಊರಿನ ಮಕ್ಕಳಿಗೆ ಇದು ಹೊಸತಲ್ಲ. ಅವಳ ಮುಂದೆ ಎರಡು ದಾರಿಗಳಿವೆ. ಒಂದು, ಮುನ್ಸಿಫ್-ಮ್ಯಾಜಿಸ್ಟ್ರೇಟ್ ಪರೀಕ್ಷೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಕೆಳಹಂತದ ನ್ಯಾಯಾಧೀಶರಾಗಲು ಮೂರು ವರ್ಷದ ವಕೀಲಿ ಕಡ್ಡಾಯ ಎಂದ ಮೇಲೆ ಅದಕ್ಕೆ ಕಾಯದೆ ಉಪಾಯವಿಲ್ಲ. ಇನ್ನೊಂದು, ಸರಕಾರದ ಪರವಾಗಿ ಕ್ರಿಮಿನಲ್ ಮೊಕದ್ದಮೆ ನಡೆಸುವ ಅಸಿಸ್ಟೆಂಟ್ ಪಬ್ಲಿಕ್ ಪ್ರಾಸಿಕ್ಯೂಟರ್ ಹುದ್ದೆ. ಮೊದಲು ಪ್ರಾಸಿಕ್ಯೂಟರ್ ಆಗಿ ಆಮೇಲೆ ಜಡ್ಜ್ ಆದರೆ ಮನಸ್ಸು ಒಂದು ಬದಿಗೆ ವಾಲಿಬಿಡುವುದಿಲ್ಲವೇ ಎಂಬುದು ಅವಳ ಸಂಶಯ.

ನಾನು ಬಿ.ಎ. ಓದಿದ ಬ್ಯಾಂಕ್ ಗುಮಾಸ್ತ. ಸಾಲ ವಸೂಲಿಯ ದಾವೆಯಲ್ಲಿ ಲೆಕ್ಕದ ಪ್ರತಿ ಹಾಜರುಪಡಿಸಲು ಒಂದೆರಡು ಸಲ ಕೋರ್ಟಿನ ಮೆಟ್ಟಿಲು ಹತ್ತಿದ್ದು ಬಿಟ್ಟರೆ ನನಗೂ ಕಾನೂನಿಗೂ ದೂರ. ಆದರೂ ಅವಳ ಪ್ರಶ್ನೆ ನನಗೆ ಚುಚ್ಚಿತು. ಕಾರಣವನ್ನು ಮುಂದೆ ಹೇಳುತ್ತೇನೆ. ಆ ಹೊತ್ತಿಗೆ ಅವಳ ಕೈಯಲ್ಲಿದ್ದ ಪುಸ್ತಕ ಕೇಳಿ ತೆಗೆದುಕೊಂಡೆ. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಾಧೀಶೆ ಸೋನಿಯಾ ಸೊಟೊಮಯೋರ್ 2013ರಲ್ಲಿ ಪ್ರಕಟಿಸಿದ ಆತ್ಮಕಥೆ ‘ಮೈ ಬಿಲವೆಡ್ ವರ್ಲ್ಡ್’ ಅದು. ರಾತ್ರಿ ಊಟದ ಮೇಲೆ ಸ್ವಲ್ಪ ಸ್ವಲ್ಪವಾಗಿ ಓದಿದೆ. ಪುಸ್ತಕ ಅವರು ಮೊದಲ ಸಲ ನ್ಯಾಯಾಧೀಶೆಯಾದಲ್ಲಿಗೆ ಮುಗಿಯುತ್ತದೆ. ಆಮೇಲಿನ ಕಥೆಗೆ ನನ್ನ ಸೋದರ ಸೊಸೆ ಒಂದಷ್ಟು ತೀರ್ಪುಗಳ ಪ್ರತಿ ತಂದುಕೊಟ್ಟಳು.

ಸೊಟೊಮಯೋರ್ ಹುಟ್ಟಿದ್ದು 1954ರ ಜೂನ್ 25ರಂದು, ನ್ಯೂಯಾರ್ಕಿನ ಬ್ರಾಂಕ್ಸ್ ಎಂಬಲ್ಲಿ. ತಂದೆತಾಯಿ ಪೋರ್ಟೊರಿಕೊ ದ್ವೀಪದಿಂದ ಬಂದವರು, ಮನೆಮಾತು ಸ್ಪ್ಯಾನಿಷ್. ಏಳನೆಯ ವಯಸ್ಸಿನಲ್ಲಿ ಸಿಹಿಮೂತ್ರ ರೋಗ ಕಾಣಿಸಿಕೊಂಡಿತು. ತಂದೆಯ ಕೈ ನಡುಗುತ್ತಿತ್ತು, ತಾಯಿಗೆ ನರ್ಸ್ ಕೆಲಸ. ದಿನಕ್ಕೊಂದು ಇನ್ಸುಲಿನ್ ಚುಚ್ಚಬೇಕು. ಹುಡುಗಿ ಕುರ್ಚಿಯ ಮೇಲೆ ಹತ್ತಿ ನಿಂತು, ಒಲೆ ಹಚ್ಚಿ, ನೀರು ಕುದಿಸಿ, ಸಿರಿಂಜು ಬೇಯಿಸಿ ತಾನೇ ಚುಚ್ಚಿಕೊಳ್ಳಲು ಕಲಿತಳು. ಒಂಬತ್ತನೆಯ ವಯಸ್ಸಿನಲ್ಲಿ ತಂದೆ ತೀರಿಹೋದರು. ಆಮೇಲೆಯೇ ತಾಯಿ ಮನೆಯೊಳಗೆ ಇಂಗ್ಲಿಷ್ ಮಾತಾಡಲು ಸುರು ಮಾಡಿದ್ದು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಹೋದಾಗ ತನ್ನ ಇಂಗ್ಲಿಷ್ ಬರವಣಿಗೆಯಲ್ಲಿ ಸ್ಪ್ಯಾನಿಷಿನ ಎಲುಬುಗಳು ಕಾಣುತ್ತವೆ ಎಂದು ತಿಳಿದು, ಬೇಸಿಗೆ ರಜೆಯಲ್ಲಿ ವ್ಯಾಕರಣದ ಪುಸ್ತಕ ಹಿಡಿದು ಕೂತವರು ಅವರು. 1976ರಲ್ಲಿ ಅದೇ ವಿಶ್ವವಿದ್ಯಾಲಯದಿಂದ ಅತ್ಯುನ್ನತ ಶ್ರೇಣಿಯಲ್ಲಿ ತೇರ್ಗಡೆಯಾದರು. 1979ರಲ್ಲಿ ಯೇಲ್‌ನಿಂದ ಕಾನೂನು ಪದವಿ. ಇಂಗ್ಲಿಷಿನಲ್ಲಿ ಅರ್ಜಿ ಬರೆದು ಮನಸ್ಸಿನೊಳಗೆ ಅದನ್ನು ಕನ್ನಡದಲ್ಲಿ ಒಮ್ಮೆ ಓದಿ ನೋಡುವ ನಮ್ಮಂಥವರಿಗೆ ಈ ಭಾಗ ಬೇರೆಯವರ ಕಥೆ ಅನಿಸುವುದಿಲ್ಲ.

ಇನ್ನು ಅವರ ಉದ್ಯೋಗದ ಮಾತು. ಅಮೆರಿಕದ ಕೋರ್ಟುಗಳ ಏರ್ಪಾಡು ನಮ್ಮ ಹಾಗಲ್ಲ. ನಮ್ಮಲ್ಲಿ ಮುನ್ಸಿಫ್ ಕೋರ್ಟಿನಿಂದ ದಿಲ್ಲಿಯ ಸುಪ್ರೀಂ ಕೋರ್ಟಿನವರೆಗೆ ಒಂದೇ ಏಣಿ. ಅಲ್ಲಿ ಎರಡು ಏಣಿಗಳು ಪಕ್ಕಪಕ್ಕದಲ್ಲಿ ನಿಂತಿವೆ. ರಾಜ್ಯದ ಕಾನೂನು ಮುರಿದವರಿಗೆ ರಾಜ್ಯದ ಕೋರ್ಟು, ಇಡೀ ಒಕ್ಕೂಟದ ಕಾನೂನಿಗೆ ಸಂಬಂಧಿಸಿದ್ದಕ್ಕೆ ಫೆಡರಲ್ ಕೋರ್ಟು. ಪ್ರಾಸಿಕ್ಯೂಟರುಗಳೂ ಎರಡು ಬಗೆ. ಫೆಡರಲ್ ಜಿಲ್ಲೆಗಳಲ್ಲಿ ಅಧ್ಯಕ್ಷರೇ ನೇಮಿಸುವ ಯು.ಎಸ್. ಅಟಾರ್ನಿ ಮತ್ತು ಅವರ ಸಹಾಯಕರು. ರಾಜ್ಯದ ಕೌಂಟಿಗಳಲ್ಲಿ ಡಿಸ್ಟ್ರಿಕ್ಟ್ ಅಟಾರ್ನಿ. ಈತ ನಮ್ಮ ಪಂಚಾಯತು ಸದಸ್ಯರ ಹಾಗೆ ಜನರಿಂದ ಓಟು ಪಡೆದು ಬರುವವನು! ಮ್ಯಾನ್‌ಹಟನ್ನಿನಲ್ಲಿ ರಾಬರ್ಟ್ ಮಾರ್ಗೆಂತೊ ಎಂಬವರು 1975ರಿಂದ 2009ರವರೆಗೆ ಆ ಹುದ್ದೆಯಲ್ಲಿದ್ದರು. ಯೇಲ್‌ನಿಂದ ಹೊರಬಂದ ಸೊಟೊಮಯೋರ್ ಅವರನ್ನು 1979ರಲ್ಲಿ ಕೆಲಸಕ್ಕೆ ಸೇರಿಸಿಕೊಂಡವರು ಅವರೇ.

ಮೊದಲು ಸಣ್ಣ ಅಪರಾಧಗಳು. ಅಂಗಡಿ ಕಳ್ಳತನ, ಬೀದಿ ಜಗಳ, ಸೂಳೆಗಾರಿಕೆ. ಫೈಲುಗಳು ರಾಶಿ ರಾಶಿ. ಆಮೇಲೆ ದರೋಡೆ, ಕೊಲೆ. ಹಾರ್ಲೆಮ್‌ನಲ್ಲಿ ಮಾಳಿಗೆಯಿಂದ ಹಗ್ಗ ಇಳಿಬಿಟ್ಟು ಕಿಟಕಿಯಿಂದ ಮನೆಯೊಳಗೆ ನುಗ್ಗಿ ಕೊಲ್ಲುತ್ತಿದ್ದವನೊಬ್ಬನ ಮೊಕದ್ದಮೆಯಲ್ಲಿ 1983ರಲ್ಲಿ ಇನ್ನೊಬ್ಬ ಪ್ರಾಸಿಕ್ಯೂಟರನ ಜತೆ ಇವರೂ ವಾದಿಸಿ ಶಿಕ್ಷೆ ಕೊಡಿಸಿದರು. ಪತ್ರಿಕೆಯವರು ಆತನನ್ನು ಟಾರ್ಜನ್ ಎಂದು ಕರೆದಿದ್ದರಂತೆ. ಆದರೆ ನನಗೆ ಮುಖ್ಯವೆನಿಸಿದ್ದು ಗೆದ್ದ ಕಥೆಯಲ್ಲ. ಒಮ್ಮೆ ಎರಡು ಮೊಕದ್ದಮೆ ಸತತವಾಗಿ ಸೋತಾಗ ಮೇಲಿನವರು ಅವರಿಗೆ ಹೇಳಿದರಂತೆ: ನೀವು ಜೂರಿಯವರಿಗೆ ತರ್ಕ ಮಾತ್ರ ಮುಂದಿಡುತ್ತೀರಿ, ತಪ್ಪಿತಸ್ಥನೆಂದು ಹೇಳುವುದು ತಮ್ಮ ಕರ್ತವ್ಯವೆಂದು ಅವರಿಗೆ ಅನಿಸುವಂತೆ ಮಾಡಬೇಕು. ಆ ಪಾಠ ಕಲಿತ ಮೇಲೆ ಸೋಲು ಅಪರೂಪವಾಯಿತು. ಇದನ್ನು ಓದಿದಾಗ ನನಗೆ ಸ್ವಲ್ಪ ಹೆದರಿಕೆಯೇ ಆಯಿತು. ಹನ್ನೆರಡು ಜನರ ಮನಸ್ಸನ್ನು ಹೀಗೆ ತಿರುಗಿಸಬಲ್ಲವರ ಕೈಯಲ್ಲಿ ಎಷ್ಟು ಬಲ! 1940ರಲ್ಲಿ ಅಮೆರಿಕದ ಅಟಾರ್ನಿ ಜನರಲ್ ಆಗಿದ್ದ ರಾಬರ್ಟ್ ಜಾಕ್ಸನ್ ತನ್ನ ಕೈಕೆಳಗಿನ ಫೆಡರಲ್ ಪ್ರಾಸಿಕ್ಯೂಟರುಗಳನ್ನೆಲ್ಲ ಕೂರಿಸಿಕೊಂಡು ಇದೇ ಎಚ್ಚರಿಕೆ ಕೊಟ್ಟಿದ್ದರು. ಮನುಷ್ಯನ ಬದುಕು, ಸ್ವಾತಂತ್ರ್ಯ, ಮರ್ಯಾದೆಗಳ ಮೇಲೆ ಇಷ್ಟು ಹಿಡಿತ ದೇಶದಲ್ಲಿ ಮತ್ತೊಬ್ಬರಿಗಿಲ್ಲ ಎಂಬುದು ಆ ಮಾತಿನ ಸಾರ. ಮರುವರ್ಷ ಅವರೇ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾದರು.

ಹಾಗಾದರೆ ಪ್ರಾಸಿಕ್ಯೂಟರನ ಕೆಲಸ ಗೆಲ್ಲುವುದೇ? ಸೊಟೊಮಯೋರ್ ಚಿಕ್ಕಂದಿನಲ್ಲಿ ಟಿ.ವಿ.ಯಲ್ಲಿ ‘ಪೆರಿ ಮೇಸನ್’ ಎಂಬ ಧಾರಾವಾಹಿ ನೋಡುತ್ತಿದ್ದರು. ಅದರಲ್ಲಿ ಪ್ರಾಸಿಕ್ಯೂಟರ್ ಪ್ರತಿವಾರವೂ ಸೋಲುವವನು. ಒಮ್ಮೆ ಆತ, ನಿರಪರಾಧಿ ಬಿಡುಗಡೆಯಾದರೆ ನನಗೆ ಸೋಲಲ್ಲ, ನ್ಯಾಯ ಸಿಗುವಂತೆ ಮಾಡುವುದೇ ನನ್ನ ಕೆಲಸ ಎಂಬರ್ಥದ ಮಾತು ಹೇಳುತ್ತಾನೆ. ಆ ಮಾತು ತನ್ನ ಮನಸ್ಸಿನಲ್ಲಿ ನಿಂತಿತು ಎಂದು ಅವರು 2009ರಲ್ಲಿ ಸೆನೆಟ್ಟಿನ ಮುಂದೆಯೂ ನೆನಪಿಸಿಕೊಂಡರು. ಇದು ಕೇವಲ ಟಿ.ವಿ.ಯ ಆದರ್ಶವಲ್ಲ, ಕಾನೂನೂ ಹೌದು. 1963ರಲ್ಲಿ ಬ್ರೇಡಿ ಎಂಬವನ ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿಗೆ ಬಂತು. ಇಬ್ಬರು ಸೇರಿ ಮಾಡಿದ ದರೋಡೆಯಲ್ಲಿ ಒಂದು ಕೊಲೆ. ಕೊಂದದ್ದು ನಾನು ಎಂದು ಜತೆಯವನು ಕೊಟ್ಟ ಹೇಳಿಕೆಯೊಂದು ಪ್ರಾಸಿಕ್ಯೂಟರನ ಬಳಿ ಇತ್ತು. ಬ್ರೇಡಿಯ ವಕೀಲ ಕೇಳಿದಾಗ ಅದೊಂದನ್ನು ಬಿಟ್ಟು ಉಳಿದದ್ದನ್ನು ತೋರಿಸಿದ್ದರು. ಆರೋಪಿಗೆ ಅನುಕೂಲವಾಗುವ ಸಾಕ್ಷ್ಯವನ್ನು ಅಡಗಿಸಿಟ್ಟರೆ, ಸದುದ್ದೇಶದಿಂದಲೇ ಆಗಲಿ ದುರುದ್ದೇಶದಿಂದಲೇ ಆಗಲಿ, ಅದು ನ್ಯಾಯವಾದ ವಿಚಾರಣೆಯಲ್ಲ ಎಂದು ಕೋರ್ಟು ಹೇಳಿತು. ಇಂದಿಗೂ ಅಲ್ಲಿಯ ವಕೀಲರು ಅಂಥ ಕಾಗದಗಳನ್ನು ‘ಬ್ರೇಡಿ’ ಎಂದೇ ಕರೆಯುತ್ತಾರೆ.

ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿಟ್ಟೆ. ಯಾಕೆಂದರೆ ಅಂಥದ್ದೊಂದು ಕಾಗದ ನಾನೂ ನೋಡಿದ್ದೇನೆ.

2011ರ ಮಾತು. ನಾನು ಬ್ಯಾಂಕಿಗೆ ಸೇರಿ ಐದು ತಿಂಗಳು, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆಗಿದ್ದ ಶಾಖೆಯಲ್ಲಿ ಪಕ್ಕದ ಕೌಂಟರಿನ ಕ್ಯಾಶಿಯರರನ್ನು ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ತಿಂಗಳ ಮೊದಲ ದಿನ, ಪೆನ್ಶನಿನವರ ಗದ್ದಲ. ಎ.ಟಿ.ಎಂ.ನಲ್ಲಿ ಹಣ ಮುಗಿಯಿತು. ಆಗ ಅದಕ್ಕೆ ಹಣ ತುಂಬಿಸುವುದು ಶಾಖೆಯವರೇ. ಅಣ್ಣನನ್ನು ಆ ಕೆಲಸಕ್ಕೆ ಕಳಿಸಿದ ಮೇಲಧಿಕಾರಿ ನನ್ನ ಕಡೆ ತಿರುಗಿ, "ಜನ ಕಾಯ್ತಾ ಇದ್ದಾರೆ, ನೀನು ಸ್ವಲ್ಪ ಅಲ್ಲಿ ಕೂತುಕೋ" ಎಂದರು. ಕಂಪ್ಯೂಟರಿನಲ್ಲಿ ಅಣ್ಣನ ಹೆಸರಿನ ಲಾಗಿನ್ ಹಾಗೆಯೇ ಇತ್ತು. ನಾನು ಕೂತೆ. ಇಪ್ಪತ್ತು ನಿಮಿಷದಲ್ಲಿ ಮೂವರಿಗೆ ಹಣ ಕೊಟ್ಟೆ. ಅವರಲ್ಲಿ ಒಬ್ಬರು ಒಂದು ಲಕ್ಷ ತೆಗೆದವರು. ಐನೂರರ ಎರಡು ಕಟ್ಟು.

ಸಂಜೆ ಲೆಕ್ಕ ಹಾಕುವಾಗ ಐವತ್ತು ಸಾವಿರ ಕಡಿಮೆ. ಸರಿಯಾಗಿ ಐನೂರರ ಒಂದು ಕಟ್ಟು. ಕೌಂಟರಿನ ಮೇಲೆ ಆಗ ಕ್ಯಾಮರಾ ಇರಲಿಲ್ಲ. ಅಣ್ಣ ಹೆಂಡತಿಯ ಸರ ಅಡವಿಟ್ಟು ಮರುದಿನವೇ ಹಣ ಕಟ್ಟಿದರು. ಅಲ್ಲಿಗೆ ಮುಗಿಯಿತು ಎಂದುಕೊಂಡರೆ ಮುಗಿಯಲಿಲ್ಲ. ನಿರ್ಲಕ್ಷ್ಯದ ಆರೋಪ ಹೊರಿಸಿ ಚಾರ್ಜ್ ಶೀಟ್ ಬಂತು, ಇಲಾಖಾ ವಿಚಾರಣೆ ಕೂತಿತು.

ಬ್ಯಾಂಕಿನ ವಿಚಾರಣೆ ಒಂದು ಪುಟ್ಟ ಕೋರ್ಟಿನ ಹಾಗೆಯೇ. ಆರೋಪವನ್ನು ಸಾಬೀತು ಮಾಡುವುದಕ್ಕೆ ಪ್ರೆಸೆಂಟಿಂಗ್ ಆಫೀಸರ್, ಆರೋಪಿಯ ಪರವಾಗಿ ಸಂಘದ ಪ್ರತಿನಿಧಿ, ನಡುವಿನಲ್ಲಿ ಎನ್‌ಕ್ವಯರಿ ಆಫೀಸರ್. ಮೊದಲಿನವರೂ ಕೊನೆಯವರೂ ಅದೇ ಬ್ಯಾಂಕಿನ ಸಂಬಳ ತಿನ್ನುವವರು. ಈ ವಿಚಾರಣೆಯಲ್ಲಿ ಆರೋಪ ನಡೆಸಿದವರು ಇನ್ನೊಂದು ವಿಚಾರಣೆಯಲ್ಲಿ ತೀರ್ಪು ಬರೆಯಲು ಕೂರುವುದೂ ಉಂಟು. ನನ್ನನ್ನು ಆಡಳಿತದ ಕಡೆಯ ಎರಡನೆಯ ಸಾಕ್ಷಿಯಾಗಿ ಕರೆದರು. ಕೋಣೆಯೊಳಗೆ ಹೋದಾಗ ಪ್ರೆಸೆಂಟಿಂಗ್ ಆಫೀಸರರ ಫೈಲುಗಳ ಅಡಿಯಲ್ಲಿ ಹಸಿರು ಬೈಂಡಿನ ಪುಸ್ತಕವೊಂದು ಕಂಡಿತು. ಎ.ಟಿ.ಎಂ. ರಿಜಿಸ್ಟರ್. ಬಾಗಿಲು ತೆರೆದ ಹೊತ್ತು, ಮುಚ್ಚಿದ ಹೊತ್ತು, ಇಬ್ಬರ ರುಜು, ಎಲ್ಲ ಅದರಲ್ಲಿರುತ್ತದೆ. ಆ ಹೊತ್ತಿನಲ್ಲಿ ಅಣ್ಣನ ಲಾಗಿನ್‌ನಲ್ಲಿ ಕೌಂಟರಿನಿಂದ ಹಣ ಹೋದದ್ದನ್ನು ಅದರ ಪಕ್ಕ ಇಟ್ಟು ನೋಡಿದರೆ ಸಾಕು, ಒಬ್ಬ ಮನುಷ್ಯ ಎರಡು ಕಡೆ ಇದ್ದನೇ ಎಂಬ ಪ್ರಶ್ನೆ ತಾನಾಗಿ ಏಳುತ್ತಿತ್ತು. ಆದರೆ ದಾಖಲೆಗಳ ಪಟ್ಟಿಯಲ್ಲಿ ಆ ರಿಜಿಸ್ಟರ್ ಇರಲಿಲ್ಲ.

ಪ್ರಶ್ನೆಗಳು ಇಂಗ್ಲಿಷಿನಲ್ಲಿ ಬಂದವು. ಸಂಜೆ ಹಣ ಎಣಿಸುವಾಗ ನೀವಿದ್ದಿರಾ? ಇದ್ದೆ. ಎಷ್ಟು ಕಡಿಮೆ ಇತ್ತು? ಐವತ್ತು ಸಾವಿರ. ಆ ದಿನ ಎರಡನೆಯ ಕೌಂಟರ್ ಯಾರ ಜವಾಬ್ದಾರಿ? ಅವರದ್ದು. ಮೂರೂ ಸತ್ಯ. ಸಂಘದ ಪ್ರತಿನಿಧಿ ಎದ್ದು ಎರಡು ಪ್ರಶ್ನೆ ಕೇಳಿದರು, ಎರಡೂ ಅಣ್ಣನ ಒಳ್ಳೆಯ ನಡತೆಯ ಬಗ್ಗೆ. ಎನ್‌ಕ್ವಯರಿ ಆಫೀಸರ್ ತಲೆ ಎತ್ತಲಿಲ್ಲ. ‘ಅಲ್ಲಿ ಬೇರೆ ಯಾರಾದರೂ ಕೂತಿದ್ದರಾ?’ ಎಂದು ಯಾರೂ ಕೇಳಲಿಲ್ಲ. ನಾನು ಹೇಳಲೂ ಇಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು ಎಂದು ಹಿರಿಯರು ಹೇಳಿಕೊಟ್ಟಿದ್ದರು. ಆ ಉಪದೇಶ ನನಗೆ ಅಂದು ಬಹಳ ಅನುಕೂಲವಾಯಿತು. ಅಣ್ಣನಿಗೆ ಎರಡು ಇನ್‌ಕ್ರಿಮೆಂಟ್ ಶಾಶ್ವತವಾಗಿ ಕಡಿತವಾಯಿತು.

ಸೊಟೊಮಯೋರ್ ಅವರ ಕಥೆಗೆ ಮರಳುತ್ತೇನೆ. ಅವರು ಪ್ರಾಸಿಕ್ಯೂಟರನ ಕುರ್ಚಿಯಿಂದ ನೆಟ್ಟಗೆ ನ್ಯಾಯಪೀಠಕ್ಕೆ ಹಾರಿದವರಲ್ಲ. 1984ರಲ್ಲಿ ಸರಕಾರಿ ಕೆಲಸ ಬಿಟ್ಟು ಖಾಸಗಿ ವಕೀಲಿ ಸಂಸ್ಥೆಗೆ ಸೇರಿದರು. ವ್ಯಾಪಾರದ ತಕರಾರುಗಳು, ದೊಡ್ಡ ಕಂಪೆನಿಗಳ ಹೆಸರಿನಲ್ಲಿ ಮಾರುವ ನಕಲಿ ಚೀಲಗಳ ಬೆನ್ನು ಹತ್ತುವುದು, ಇಂಥ ಕೆಲಸ. 1988ರಲ್ಲಿ ಆ ಸಂಸ್ಥೆಯ ಪಾಲುದಾರರಾದರು. ಫೆಡರಲ್ ನ್ಯಾಯಾಧೀಶರಾಗಲು ಅಲ್ಲಿ ಪರೀಕ್ಷೆಯಿಲ್ಲ, ರ್‍ಯಾಂಕ್ ಪಟ್ಟಿಯಿಲ್ಲ. ಸಂವಿಧಾನ ವಯಸ್ಸನ್ನೂ ಹೇಳಿಲ್ಲ, ಪದವಿಯನ್ನೂ ಹೇಳಿಲ್ಲ. ಅಧ್ಯಕ್ಷರು ಹೆಸರು ಸೂಚಿಸಬೇಕು, ಸೆನೆಟ್ ಒಪ್ಪಬೇಕು. ಜಿಲ್ಲಾ ಮಟ್ಟದ ಹುದ್ದೆಗಾದರೆ ಆ ರಾಜ್ಯದ ಸೆನೆಟರುಗಳ ಮಾತಿಗೆ ಬೆಲೆ. ನ್ಯೂಯಾರ್ಕಿನ ಡೆಮಾಕ್ರಟಿಕ್ ಪಕ್ಷದ ಸೆನೆಟರ್ ಮೊಯ್ನಿಹಾನ್ ಇವರ ಹೆಸರು ಹೇಳಿದರು. 1991ರ ನವೆಂಬರಿನಲ್ಲಿ ನಾಮಕರಣ ಮಾಡಿದವರು ರಿಪಬ್ಲಿಕನ್ ಅಧ್ಯಕ್ಷ ಹಿರಿಯ ಬುಷ್. 1992ರ ಆಗಸ್ಟ್ 11ರಂದು ಸೆನೆಟ್ ಒಪ್ಪಿತು. 38ರ ವಯಸ್ಸಿನಲ್ಲಿ ನ್ಯೂಯಾರ್ಕಿನ ದಕ್ಷಿಣ ಜಿಲ್ಲೆಯ ಫೆಡರಲ್ ನ್ಯಾಯಾಧೀಶೆ.

ಒಮ್ಮೆ ಕೂತ ಮೇಲೆ ಆ ಹುದ್ದೆ ಜೀವನಪೂರ್ತಿ. ಮಹಾಭಿಯೋಗದಿಂದಲ್ಲದೆ ಯಾರೂ ಇಳಿಸುವಂತಿಲ್ಲ, ಸಂಬಳ ಕಡಿಮೆ ಮಾಡುವಂತಿಲ್ಲ. ಯಾರ ಮುಖವನ್ನೂ ನೋಡದೆ ತೀರ್ಪು ಬರೆಯಲಿ ಎಂಬುದು ಉದ್ದೇಶ. ನಮ್ಮ ವಿಚಾರಣಾಧಿಕಾರಿಗೆ ಮುಂದಿನ ಬಡ್ತಿಯ ಪಟ್ಟಿ ಕಣ್ಣ ಮುಂದೆಯೇ ಇರುತ್ತದೆ. ಆ ವ್ಯತ್ಯಾಸ ಸಣ್ಣದಲ್ಲ.

1995ರ ಮಾರ್ಚಿನಲ್ಲಿ ಬೇಸ್‌ಬಾಲ್ ಆಟಗಾರರ ದೀರ್ಘ ಮುಷ್ಕರವನ್ನು ಕೊನೆಗೊಳಿಸಿದ ಆಜ್ಞೆಯಿಂದ ಅವರ ಹೆಸರು ಮನೆಮಾತಾಯಿತು. ಕ್ಲಿಂಟನ್ ಮೇಲ್ಮನವಿ ಕೋರ್ಟಿಗೆ ಸೂಚಿಸಿದರು, ಸೆನೆಟ್ ವರ್ಷಕ್ಕೂ ಮಿಕ್ಕಿ ಕಾಯಿಸಿ 1998ರ ಅಕ್ಟೋಬರಿನಲ್ಲಿ ಒಪ್ಪಿತು. 2009ರಲ್ಲಿ ಒಬಾಮಾ ಸೂಚಿಸಿದರು. ಆಗಸ್ಟ್ 6ರಂದು 68 ಪರ, 31 ವಿರೋಧ ಮತಗಳಿಂದ ಸುಪ್ರೀಂ ಕೋರ್ಟಿಗೆ ಏರಿದರು. ಮೆಟ್ಟಿಲುಗಳ ಲೆಕ್ಕ ಇಷ್ಟೇ. ನನ್ನ ಸೋದರ ಸೊಸೆಯ ಪ್ರಶ್ನೆಗೆ ಉತ್ತರ ಮೆಟ್ಟಿಲುಗಳಲ್ಲಿಲ್ಲ, ಮೇಲೆ ಹೋಗಿ ಏನು ಮಾಡಿದರು ಎಂಬುದರಲ್ಲಿದೆ.

ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಒಂದು ಮೊಕದ್ದಮೆ 2012ರ ಜನವರಿಯಲ್ಲಿ ತೀರ್ಮಾನವಾಯಿತು. ರಾತ್ರಿ ಕಾರುಗಳಿಂದ ಸಾಮಾನು ಕದ್ದವನನ್ನು ಮಹಿಳೆಯೊಬ್ಬರು ತನ್ನ ಮನೆಯ ಕಿಟಕಿಯಿಂದ ಗುರುತಿಸಿದ್ದರು. ಆಗ ಆತ ಪೊಲೀಸನ ಪಕ್ಕದಲ್ಲಿ ನಿಂತಿದ್ದ. ಪೊಲೀಸನ ಪಕ್ಕ ನಿಂತವನನ್ನು ಕಳ್ಳನೆಂದು ಯಾರು ತಾನೇ ತಿಳಿಯರು? ಪೊಲೀಸರು ಬೇಕೆಂದೇ ಹಾಗೆ ಏರ್ಪಾಡು ಮಾಡದಿದ್ದರೆ ಅಂಥ ಗುರುತಿಸುವಿಕೆಯನ್ನು ನ್ಯಾಯಾಧೀಶರು ಮೊದಲೇ ಪರಿಶೀಲಿಸಬೇಕಾಗಿಲ್ಲ ಎಂದು ಎಂಟು ಮಂದಿ ಹೇಳಿದರು. ಕಣ್ಣಾರೆ ಕಂಡ ಸಾಕ್ಷಿ ಎಷ್ಟು ಸುಲಭವಾಗಿ ತಪ್ಪಬಹುದು, ಜೂರಿ ಅದನ್ನು ಎಷ್ಟು ಸುಲಭವಾಗಿ ನಂಬುತ್ತದೆ ಎಂದು ಭಿನ್ನಮತ ಬರೆದವರು ಒಬ್ಬರೇ. ಸಾಕ್ಷಿಗಳನ್ನು ಕಟಕಟೆಗೆ ಹತ್ತಿಸಿ ನಂಬಿಸುವುದನ್ನು ಐದು ವರ್ಷ ಕಸುಬಾಗಿ ಮಾಡಿದ್ದ ಸೊಟೊಮಯೋರ್.

ಮರುವರ್ಷ ಫೆಬ್ರವರಿಯಲ್ಲಿ ಟೆಕ್ಸಾಸಿನ ಮೊಕದ್ದಮೆ. ಮಾದಕ ವಸ್ತುವಿನ ವ್ಯವಹಾರ ನಡೆಯುತ್ತಿದೆಯೆಂದು ತನಗೆ ತಿಳಿದಿರಲಿಲ್ಲ ಎಂಬ ಆರೋಪಿಯನ್ನು ಫೆಡರಲ್ ಪ್ರಾಸಿಕ್ಯೂಟರ್ ಪಾಟೀಸವಾಲಿನಲ್ಲಿ ಹಿಡಿದು ನಿಲ್ಲಿಸಿದ್ದ. ಕೋಣೆಯಲ್ಲಿ ಕರಿಯರಿದ್ದಾರೆ, ಸ್ಪ್ಯಾನಿಷ್ ಮೂಲದವರಿದ್ದಾರೆ, ಚೀಲ ತುಂಬ ಹಣವಿದೆ, ಇಷ್ಟಾದರೂ ನಿನಗೆ ಗೊತ್ತಾಗಲಿಲ್ಲವೇ ಎಂಬ ಧಾಟಿಯಲ್ಲಿ. ಆರೋಪಿಯ ವಕೀಲ ಆಗ ಆಕ್ಷೇಪಿಸಿರಲಿಲ್ಲ. ಆದ್ದರಿಂದ ಸುಪ್ರೀಂ ಕೋರ್ಟು ಮೊಕದ್ದಮೆಯನ್ನು ಎತ್ತಿಕೊಳ್ಳಲಿಲ್ಲ, ಸೊಟೊಮಯೋರ್ ಕೂಡ ಆ ನಿರ್ಧಾರಕ್ಕೆ ಒಪ್ಪಿದರು. ಆದರೆ ಇದನ್ನು ನಾವು ಸಹಿಸಿದ್ದೇವೆಂದು ಯಾರೂ ತಿಳಿಯಬಾರದು ಎಂದು ಪ್ರತ್ಯೇಕ ಹೇಳಿಕೆ ಬರೆದು ಆ ಪ್ರಾಸಿಕ್ಯೂಟರನನ್ನು ಕಟುವಾಗಿ ಖಂಡಿಸಿದರು. ಹೊತ್ತಿಗೆ ಸರಿಯಾಗಿ ಯಾರೂ ಬಾಯಿ ಬಿಡದಿದ್ದರೆ, ಆಮೇಲೆ ದೇಶದ ಅತ್ಯುನ್ನತ ಪೀಠದಿಂದ ಬಂದ ಖಂಡನೆಯೂ ಸೆರೆಯಲ್ಲಿದ್ದವನನ್ನು ಹೊರಗೆ ತರಲಾರದು. ಇದು ನನ್ನ ಎದೆಗೆ ತಾಗಿದ ಮಾತು.

ಹಾಗೆಂದು ಪ್ರಾಸಿಕ್ಯೂಟರುಗಳೆಲ್ಲ ಪೀಠಕ್ಕೇರಿದ ಮೇಲೆ ಹೀಗೆಯೇ ಆಗುತ್ತಾರೆಂದಲ್ಲ. ಪೆನ್ಸಿಲ್ವೇನಿಯದಲ್ಲಿ, ಫಿಲಡೆಲ್ಫಿಯಾದ ಡಿಸ್ಟ್ರಿಕ್ಟ್ ಅಟಾರ್ನಿಯಾಗಿದ್ದಾಗ ಒಬ್ಬನಿಗೆ ಮರಣದಂಡನೆ ಕೇಳಲು ಅನುಮತಿಯ ರುಜು ಹಾಕಿದ್ದವರು, ಮುಂದೆ ರಾಜ್ಯದ ಮುಖ್ಯ ನ್ಯಾಯಾಧೀಶರಾದ ಮೇಲೆ ಅದೇ ಮನುಷ್ಯನ ಮೊಕದ್ದಮೆ ಬಂದಾಗ ಪೀಠದಿಂದ ಹಿಂದೆ ಸರಿಯಲು ಒಪ್ಪಲಿಲ್ಲ. ಅಲ್ಲಿಯೂ ಪ್ರಾಸಿಕ್ಯೂಷನ್ ಕಡೆಯವರು ಆರೋಪಿಗೆ ಅನುಕೂಲವಾದ ಕಾಗದಗಳನ್ನು ಅಡಗಿಸಿದ್ದರೆಂದು ಕೆಳಗಿನ ಕೋರ್ಟು ಕಂಡುಕೊಂಡಿತ್ತು. ಒಂದೇ ಮೊಕದ್ದಮೆಯಲ್ಲಿ ಒಬ್ಬರೇ ಆರೋಪಿಸುವವರೂ ತೀರ್ಪು ಕೊಡುವವರೂ ಆಗಬಾರದು ಎಂದು 2016ರ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಐದು-ಮೂರರ ಬಹುಮತದಿಂದ ಹೇಳಿತು. ಆ ಐವರಲ್ಲಿ ಸೊಟೊಮಯೋರ್ ಒಬ್ಬರು. ಫೆಡರಲ್ ಪೀಠಗಳಲ್ಲಿ ಹಳೆಯ ಪ್ರಾಸಿಕ್ಯೂಟರುಗಳು ತುಂಬಿದ್ದಾರೆ, ಬಡ ಆರೋಪಿಗಳ ಪರ ವಾದಿಸಿದವರು ಕಡಿಮೆ ಎಂಬ ದೂರು ಅಲ್ಲಿ ಹಳೆಯದು. ಸಾರ್ವಜನಿಕ ರಕ್ಷಣಾ ವಕೀಲೆಯಾಗಿದ್ದವರೊಬ್ಬರು, ಕೆಟಾಂಜಿ ಬ್ರೌನ್ ಜಾಕ್ಸನ್, ಸುಪ್ರೀಂ ಕೋರ್ಟಿಗೆ ಬರಲು 2022ರವರೆಗೆ ಕಾಯಬೇಕಾಯಿತು. ನಮ್ಮ ದೇಶದಲ್ಲಿಯೂ, ಏಳು ವರ್ಷ ವಕೀಲಿ ಮಾಡಿದವರು ನೇರವಾಗಿ ಜಿಲ್ಲಾ ನ್ಯಾಯಾಧೀಶರಾಗಬಹುದೆಂಬ ಸಂವಿಧಾನದ 233ನೇ ವಿಧಿಯ ಪ್ರಯೋಜನ ಸರಕಾರಿ ಪ್ರಾಸಿಕ್ಯೂಟರುಗಳಿಗೂ ಉಂಟು ಎಂದು ನಮ್ಮ ಸುಪ್ರೀಂ ಕೋರ್ಟು 2013ರಲ್ಲಿ ಹೇಳಿದೆ. ದಾರಿ ಇಲ್ಲಿಯೂ ತೆರೆದಿದೆ. ಅದರಲ್ಲಿ ನಡೆಯುವವರು ಏನು ಹೊತ್ತುಕೊಂಡು ಹೋಗುತ್ತಾರೆ ಎಂಬುದೇ ಪ್ರಶ್ನೆ.

2018ರಲ್ಲಿ ನಾನೂ ಸಂಘದ ಕಡೆಯಿಂದ ಪ್ಯೂನ್ ಒಬ್ಬರ ಪರವಾಗಿ ಒಂದು ವಿಚಾರಣೆಗೆ ಹೋದೆ. ನಡುವಿನ ಕುರ್ಚಿಯಲ್ಲಿ ಕೂತಿದ್ದವರನ್ನು ನೋಡಿ ನನ್ನ ಕಾಲು ತಣ್ಣಗಾಯಿತು. 2011ರ ಪ್ರೆಸೆಂಟಿಂಗ್ ಆಫೀಸರ್! ಈಗ ಎನ್‌ಕ್ವಯರಿ ಆಫೀಸರ್. ನಮ್ಮ ಪ್ಯೂನಿನ ಕಥೆ ಮುಗಿದಂತೆಯೇ ಎಂದುಕೊಂಡೆ. ಆಡಳಿತದ ಕಡೆಯವರು ದಾಖಲೆಗಳ ಪಟ್ಟಿ ಓದಿ ಮುಗಿಸಿದರು. ಇವರು ಕನ್ನಡಕ ತೆಗೆದು, "ಆ ದಿನದ ಕೀಲಿಕೈ ರಿಜಿಸ್ಟರ್ ಎಲ್ಲಿ?" ಎಂದು ಕೇಳಿದರು. ಪಟ್ಟಿಯಲ್ಲಿ ಇಲ್ಲ ಎಂದರು ಅವರು. "ಪಟ್ಟಿಯಲ್ಲಿ ಇಲ್ಲವೆಂದು ನನಗೂ ಕಾಣುತ್ತದೆ. ಅದಕ್ಕೇ ಕೇಳಿದ್ದು." ರಿಜಿಸ್ಟರ್ ಬರುವವರೆಗೆ ವಿಚಾರಣೆ ಮುಂದಕ್ಕೆ ಹೋಯಿತು. ಅದು ಬಂದ ಮೇಲೆ ಆರೋಪ ನಿಲ್ಲಲಿಲ್ಲ. ಪ್ಯೂನ್ ಉಳಿದುಕೊಂಡರು.

ಕೊನೆಯ ದಿನ ಚಾ ಕುಡಿಯುವಾಗ ಅವರು ಮಲೆಯಾಳದಲ್ಲಿ ನನಗೆ ಹೇಳಿದರು: "ಯಾವುದನ್ನು ತರಬಾರದು ಎಂದು ನನಗೆ ಚೆನ್ನಾಗಿ ಗೊತ್ತುಂಟು. ಎಷ್ಟೋ ವರ್ಷ ನನ್ನ ಕೆಲಸವೇ ಅದಾಗಿತ್ತು." ಅಷ್ಟು ಹೇಳಿ ಲೋಟ ಕೆಳಗಿಟ್ಟು ಹೋದರು. ನನ್ನ ಗುರುತು ಅವರಿಗೆ ಹತ್ತಿತೋ ಇಲ್ಲವೋ ತಿಳಿಯಲಿಲ್ಲ.

ಅವರು ತಮ್ಮ ಹಳೆಯ ಕಸುಬಿನಿಂದ ಏನನ್ನೋ ಕಲಿತಿದ್ದರು. ನಾನು ಕಲಿತದ್ದೇನು? ಅಣ್ಣ ನಿವೃತ್ತರಾದ ಮರುವರ್ಷ ಅವರ ಮನೆಗೆ ಹೋದೆ. ಅಡಿಕೆ ಅಂಗಳದಲ್ಲಿ ಹರಡಿತ್ತು. ಆ ಇಪ್ಪತ್ತು ನಿಮಿಷದ ಮಾತು ಎತ್ತಿದೆ. ಅವರು ಅಡಿಕೆ ಮಗುಚುವುದನ್ನು ನಿಲ್ಲಿಸಲಿಲ್ಲ.

"ಅದೆಂತ ಈಗ? ರಿಜಿಸ್ಟರಿನಲ್ಲಿ ರುಜು ನನ್ನದೇ ಅಲ್ಲವಾ? ನಾನೇ ಕೇಳಬಹುದಿತ್ತು. ಕೇಳಿದರೆ ಪಾಸ್‌ವರ್ಡ್ ಬಿಟ್ಟುಕೊಟ್ಟದ್ದಕ್ಕೆ ನನಗೆ ಇನ್ನೊಂದು ಚಾರ್ಜು, ಕೂತದ್ದಕ್ಕೆ ನಿನಗೊಂದು. ನಿನ್ನ ಕೆಲಸ ಆಗ ಪಕ್ಕಾ ಆಗಿರಲೂ ಇಲ್ಲ ಮಾರಾಯ."

ಅಂದರೆ ಅವರು ನನಗಾಗಿ ಸುಮ್ಮನಿದ್ದರು, ನಾನು ನನಗಾಗಿ ಸುಮ್ಮನಿದ್ದೆ. ಎರಡು ಮೌನಗಳೂ ವಿಚಾರಣೆಯ ಕಡತದಲ್ಲಿ ಒಂದೇ ಹಾಗೆ ಕಾಣುತ್ತವೆ. ಆ ಎರಡು ಇನ್‌ಕ್ರಿಮೆಂಟುಗಳ ಕಡಿತ ಅವರ ಪೆನ್ಶನಿನಲ್ಲಿ ಇಂದಿಗೂ ತಿಂಗಳು ತಿಂಗಳು ಮುಂದುವರಿಯುತ್ತಿದೆ. ಅದು ಎಷ್ಟಾಗುತ್ತದೆಂದು ಲೆಕ್ಕ ಹಾಕುವುದು ನನ್ನಂಥ ಗುಮಾಸ್ತನಿಗೆ ಕಷ್ಟವಲ್ಲ. ಹಾಕಿದ್ದೇನೆ.

ಪುಸ್ತಕ ಹಿಂದಕ್ಕೆ ಕೊಡುವ ದಿನ ಇದನ್ನೆಲ್ಲ ನನ್ನ ಸೋದರ ಸೊಸೆಗೆ ಹೇಳಿದೆ. ಮನೆಯವರಿಗೂ ಹೇಳದ ಸಂಗತಿ. ಪ್ರಾಸಿಕ್ಯೂಟರ್ ಆಗಲು ಹೆದರಬೇಡ ಎಂದೆ. ಆರೋಪ ಕಟ್ಟುವ ಕೈಗೆ ಅದು ಎಲ್ಲಿ ಸಡಿಲ, ಯಾವ ಕಾಗದ ಹೊರಗುಳಿದಿದೆ ಎಂದು ಗೊತ್ತಿರುತ್ತದೆ. ಪೀಠಕ್ಕೆ ಹೋಗುವಾಗ ಆ ತಿಳಿವಳಿಕೆಯನ್ನು ಕೊಂಡುಹೋದವರೂ ಇದ್ದಾರೆ, ಗೆಲ್ಲುವ ಚಟವನ್ನು ಕೊಂಡುಹೋದವರೂ ಇದ್ದಾರೆ. ಯಾವುದನ್ನು ಕೊಂಡುಹೋಗಬೇಕೆಂದು ಪ್ರಾಸಿಕ್ಯೂಟರ್ ಆಗಿರುವಾಗಲೇ ನಿಶ್ಚಯವಾಗಬೇಕು.

ಅವಳು ತಲೆಯಾಡಿಸಿದಳು. ಆಮೇಲೆ ವಕೀಲರ ದನಿಯಲ್ಲಿ, ಸ್ವಲ್ಪವೂ ನಗದೆ ಕೇಳಿದಳು:

"ಮಾವ, ಆ ಒಂದು ಲಕ್ಷ ತೆಗೆದವರಿಗೆ ನೀವು ಎಷ್ಟು ಕಟ್ಟು ಕೊಟ್ಟಿರಿ?"

ಇಷ್ಟು ವರ್ಷಗಳಲ್ಲಿ ಯಾರೂ ನನ್ನಲ್ಲಿ ಇದನ್ನು ಕೇಳಿರಲಿಲ್ಲ.

"ಎರಡು ಎಂದೇ ಅನಿಸುತ್ತದೆ. ಆದರೆ ಎಣಿಸಿದ ನೆನಪಿಲ್ಲ" ಎಂದೆ.